ಇನ್ನೂರ ಹದಿನಾಲ್ಕು ಸಲ ‘ಸರಿಹೋಗಿಲ್ಲ’

ತಪ್ಪುರಾಯರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಗ್ರಂಥಾಲಯಗಳಿಗೆ ಸಾಫ್ಟ್‌ವೇರ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಹದಿನೇಳು ವರ್ಷಗಳಿಂದ ಅವರು ಮಾಡುತ್ತಿದ್ದುದು ಒಂದೇ ಕೆಲಸ: ಬೇರೆಯವರು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹುಡುಕುವುದು. ಕಂಡ ಪ್ರತಿಯೊಂದು ತಪ್ಪಿಗೂ ಒಂದು ಸಂಖ್ಯೆ ಕೊಟ್ಟು, ತಪ್ಪುಗಳ ಲೆಕ್ಕ ಇಡುವ ಟ್ರ್ಯಾಕರ್ ಎಂಬ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಆ ದಾಖಲೆಗೆ ಟಿಕೆಟ್ ಎನ್ನುತ್ತಾರೆ. ತಿದ್ದುವವರು ಅದರ ಕೆಳಗೆ ಉತ್ತರ ಬರೆಯುತ್ತಾರೆ, ರಾಯರು ಮತ್ತೆ ಪರೀಕ್ಷಿಸಿ ಮರುತ್ತರ ಬರೆಯುತ್ತಾರೆ, ಸರಿಹೋಯಿತೆಂದು ಮನವರಿಕೆಯಾದ ಮೇಲೆ ಟಿಕೆಟ್ಟನ್ನು ಮುಚ್ಚುತ್ತಾರೆ.

ತಪ್ಪು ತೋರಿಸುವವನನ್ನು ಊಟಕ್ಕೆ ಜೊತೆಗೆ ಕರೆಯುವವರು ಎಷ್ಟು ಮಂದಿ, ಪ್ರಿಯರೇ? ರಾಯರು ಕಿಟಕಿಯ ಪಕ್ಕದ ಮೇಜಿನಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಸಂಜೆ ಮೂರನೆಯ ಮಹಡಿಯ ಬಾಡಿಗೆ ಕೋಣೆಗೆ ಹೋಗಿ, ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟು ಮಲಗುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಭಾನುವಾರ ಫೋನ್ ಮಾಡುವ ಅಕ್ಕ, “ಹೆಣ್ಣು ನೋಡೋಕೆ ಹೋದಾಗ್ಲೂ ಅವರ ಮನೆ ಗೋಡೆ ಬಿರುಕು ಎಣಿಸ್ತಿದ್ದೆ ಕಣೋ, ಯಾರು ಕೊಡ್ತಾರೆ ನಿನಗೆ!” ಎಂದು ಈಗಲೂ ನಗುತ್ತಿದ್ದಳು. ರಾಯರೂ ನಗುತ್ತಿದ್ದರು. ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಆದರೂ ಅವರಿಗೆ ಒಬ್ಬರು ಸ್ನೇಹಿತರಿದ್ದರು. ಬೇರೊಂದು ಊರಿನ ಶಾಖೆಯಲ್ಲಿ ಕುಳಿತು ತಪ್ಪು ತಿದ್ದುತ್ತಿದ್ದ ಹಿರಿಯರು. ರಾಯರು ಅವರನ್ನು ಗುರುಗಳೇ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಇಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ, ಧ್ವನಿ ಕೇಳಿರಲಿಲ್ಲ. ಮಾತೆಲ್ಲ ಟಿಕೆಟ್ಟುಗಳ ಕೆಳಗೇ. ಫೆಬ್ರವರಿ ಇಪ್ಪತ್ತೊಂಬತ್ತರಂದು ಹುಟ್ಟಿದ ಓದುಗನೊಬ್ಬನಿಗೆ ‘ಇಂಥ ದಿನವೇ ಇಲ್ಲ’ ಎಂದು ಸಾಫ್ಟ್‌ವೇರ್ ಹೇಳಿದಾಗ ಗುರುಗಳು ಬರೆದರು: “ಹುಟ್ಟಲೇ ಇಲ್ಲ ಅಂದಮೇಲೆ ಪುಸ್ತಕ ವಾಪಸ್ ಕೊಡೋದೂ ಬೇಡ ಬಿಡಿ ರಾಯರೇ. ನಾಳೆ ಹುಟ್ಟಿಸ್ತೀನಿ.” ಇನ್ನೊಂದರ ಕೆಳಗೆ: “ನೀವು ಹೇಳಿದ್ದು ಸರಿ. ನಿನ್ನೆ ಜಗಳ ಆಡಿದ್ದಕ್ಕೆ ಬೇಜಾರಿಲ್ಲ ತಾನೇ?”

ಗುರುಗಳು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಕೊನೆಯ ದಿನ ತಾವು ತಿದ್ದಿದ ಟಿಕೆಟ್ಟುಗಳಿಗೆಲ್ಲ ತಮ್ಮ ಮನೆಯ ಇಮೇಲ್ ವಿಳಾಸವನ್ನು ಸೇರಿಸಿ, “ಏನಾದ್ರೂ ಕೆಟ್ರೆ ನನಗೂ ತಿಳೀಲಿ” ಎಂದು ಬರೆದು ಹೋಗಿದ್ದರು. ಆಮೇಲೆ ರಾಯರು ಅವರಿಗೆ ಒಂದು ಸಾಲನ್ನೂ ಬರೆಯಲಿಲ್ಲ. ಸಿಟ್ಟೂ ಇರಲಿಲ್ಲ, ಮರೆವೂ ಅಲ್ಲ; ತಪ್ಪೊಂದು ಸಿಗದೆ ಮಾತು ಹೇಗೆ ಆರಂಭಿಸಬೇಕೆಂದು ತಿಳಿಯಲಿಲ್ಲ, ಅಷ್ಟೆ. ಡಬ್ಬಿ ಬಿಚ್ಚಿದಾಗ ಹಳೆಯದೊಂದು ಟಿಕೆಟ್ಟನ್ನೂ ತೆರೆದು ಓದುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಅದೇ ಜೊತೆ.

ಒಂದು ಸೋಮವಾರ ಮ್ಯಾನೇಜರ್ ಮೇಡಂ ಎಲ್ಲರನ್ನೂ ಕರೆದು, ಶುಕ್ರವಾರ ಸಂಜೆ ಐದಕ್ಕೆ ಹಳೆಯ ಟ್ರ್ಯಾಕರ್ ನಿಲ್ಲುತ್ತದೆ, ಹೊಸದಕ್ಕೆ ಸಾಗಿಸುವ ಕೆಲಸ ರಾಯರದು ಎಂದರು.

“ತೆರೆದಿರೋ ಟಿಕೆಟ್ ಮಾತ್ರ ಸಾಕು ರಾಯರೇ. ಮುಚ್ಚಿದ್ದು ಬೇಡ.”

“ಮುಚ್ಚಿದ್ದು ಒಂಬತ್ತು ಸಾವಿರಕ್ಕೂ ಮೇಲಿದೆ, ಮೇಡಂ.”

“ಅದಕ್ಕೇ ಬೇಡ ಅಂದಿದ್ದು. ಮನೆ ಬದಲಾಯಿಸೋವಾಗ ಹಳೇ ಪೇಪರ್ ಕಟ್ಟೆಲ್ಲ ಹೊತ್ಕೊಂಡು ಹೋಗ್ತಾರಾ?”

ಎಲ್ಲರೂ ನಕ್ಕರು. ರಾಯರು ತಲೆಯಾಡಿಸಿ ಬಂದು ಕುಳಿತರು. ತೆರೆದಿದ್ದವು ಮುನ್ನೂರ ಹನ್ನೆರಡು. ಗುರುಗಳು ತಿದ್ದಿದ್ದು ಇನ್ನೂರ ಹದಿನಾಲ್ಕು, ಅವುಗಳಲ್ಲಿ ತೆರೆದದ್ದು ಒಂದೂ ಇಲ್ಲ. ಆ ಮನುಷ್ಯ ತಿದ್ದಿದ್ದು ಹಾಗೆ ಅರ್ಧಕ್ಕೆ ಉಳಿಯುತ್ತಿರಲಿಲ್ಲ. ಶುಕ್ರವಾರ ಐದು ಗಂಟೆಗೆ ಆ ಮಾತುಗಳೆಲ್ಲ ಇಲ್ಲವಾಗುತ್ತವೆ. ಕಾಗದದ ಮೇಲೆ ಅಚ್ಚು ಹಾಕಿ ಒಯ್ಯೋಣವೆಂದರೆ, ಓದುಗರ ಹೆಸರುಗಳಿರುವ ಬರಹ ಕಚೇರಿಯ ಹೊರಗೆ ಹೋಗುವಂತಿಲ್ಲ. ರಾಯರು ನಿಯಮ ಮೀರಿ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವರಲ್ಲ.

ಅಂಥವರೇ ಗುರುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದಾಗ, ಇನ್ನೂರ ಹದಿನಾಲ್ಕಕ್ಕೂ ಒಟ್ಟಿಗೆ ಗುರುತು ಹಾಕಿ ‘ಮತ್ತೆ ತೆರೆ’ ಎಂಬುದನ್ನು ಒತ್ತಿದರು. ಟ್ರ್ಯಾಕರ್ ಕಾರಣ ಕೇಳಿತು. ಅದು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ‘ಸ್ನೇಹಿತರ ಮಾತು’ ಎಂಬುದು ಇರಲಿಲ್ಲ. ಇದ್ದುದರಲ್ಲಿ ಹೊಂದುವುದು ಒಂದೇ: ‘ಸರಿಹೋಗಿಲ್ಲ.’ ಅವರ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿತು. ಲೋಕದ ಬಹಳಷ್ಟು ಸುಳ್ಳುಗಳು ದ್ವೇಷದಿಂದ ಹುಟ್ಟುವುದಿಲ್ಲ, ಪ್ರಿಯರೇ. ಕಳೆದುಕೊಳ್ಳಲಾರದ ಪ್ರೀತಿ ಹೇಳಿಸುವ ಸುಳ್ಳೇ ಹೆಚ್ಚು, ಅದಕ್ಕೇ ಅವನ್ನು ಹೇಳುವಾಗ ನಮಗೆ ಪಾಪವೆನಿಸುವುದಿಲ್ಲ.

ಸಹೋದ್ಯೋಗಿಗಳಿಗೆ ಸೂಚನೆ ಹೋಗದಂತೆ ರಾಯರು ಜಾಣತನದಿಂದ ತಡೆದಿದ್ದರು. ಹೊರಗಿನ ವಿಳಾಸವೊಂದು ಆ ಪ್ರತಿಯೊಂದು ಟಿಕೆಟ್ಟಿಗೂ ಅಂಟಿಕೊಂಡಿರುವುದು ಅವರ ಲಕ್ಷ್ಯಕ್ಕೇ ಬರಲಿಲ್ಲ. ಹದಿನೇಳು ವರ್ಷ ಬೇರೆಯವರ ಕಣ್ತಪ್ಪನ್ನು ಹಿಡಿದವರಿಗೆ ತಮ್ಮದು ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಫೋನ್ ಬಡಿದುಕೊಂಡಿತು. ಹೆಂಗಸಿನ ಧ್ವನಿ; ಗುರುಗಳ ಮಗಳು ಎಂದು ಪರಿಚಯ ಹೇಳಿಕೊಂಡಳು.

“ಅಂಕಲ್, ಅಲ್ಲಿ ಏನಾಗಿದೆ ಹೇಳ್ತೀರಾ? ನಿನ್ನೆ ಮಧ್ಯಾಹ್ನ ಅಪ್ಪನಿಗೆ ಇನ್ನೂರ ಚಿಲ್ಲರೆ ಮೇಲ್ ಬಂದಿದೆ. ಎಲ್ಲದರಲ್ಲೂ ನಿಮ್ಮ ಹೆಸರು, ಕೆಳಗೆ ‘ಸರಿಹೋಗಿಲ್ಲ.’”

ರಾಯರು ಟಿಕೆಟ್ಟೊಂದನ್ನು ತೆರೆದು ನೋಡಿದರು: ಕೆಳಗೆ ಗುರುಗಳ ಮನೆಯ ವಿಳಾಸ.

“ಅಪ್ಪನಿಗೆ ಈಗ ಸರಿಯಾಗಿ ಕಣ್ಣು ಕಾಣಲ್ಲ, ಕೈ ನಡುಗುತ್ತೆ. ನಿನ್ನೆಯಿಂದ ಭೂತಗನ್ನಡಿ ಹಿಡ್ಕೊಂಡು ಒಂದೊಂದೂ ಓದ್ತಾ, ತಿದ್ದಿದ್ದು ಹೇಗೆ ಅಂತ ಕಾಗದದ ಮೇಲೆ ನೆನಪಿಂದ ಬರೀತಾ ಕೂತಿದ್ದಾರೆ. ಊಟ ಮುಟ್ಟಿಲ್ಲ. ಯಂತ್ರದ್ದೇ ಏನೋ ತಪ್ಪಾಗಿರುತ್ತೆ ಬಿಡಪ್ಪಾ ಅಂದ್ರೆ ಕೇಳಲ್ಲ. ‘ರಾಯರು ಸುಳ್ಳು ಹೇಳೋರಲ್ಲ’ ಅಂತ ಒಂದೇ ಮಾತು.”

ಆ ಮಾತು ರಾಯರ ಎದೆಗೆ ಇಳಿದ ಬಗೆಯನ್ನು ದೇವರೇ ಬಲ್ಲ. ಅವರು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು, “ಅವರಿಗೆ ಕೊಡಮ್ಮ” ಎಂದರು.

ಗುರುಗಳ ಧ್ವನಿಯನ್ನು ಅವರು ಗಂಭೀರವಾಗಿ ಊಹಿಸಿಕೊಂಡಿದ್ದರು. ಕೇಳಿಸಿದ್ದು ತೆಳ್ಳಗಿನ, ಅವಸರದ ಧ್ವನಿ.

“ರಾಯರೇ? ಆ ಫೆಬ್ರವರಿದು ಮತ್ತೆ ಬಂತಾ?”

“ಇಲ್ಲ ಗುರುಗಳೇ. ಯಾವುದೂ ಬಂದಿಲ್ಲ. ನಾನೇ ಸುಳ್ಳು ಬರೆದೆ.”

ರಾಯರು ತಡೆಯದೆ ಮುಂದುವರಿಸಿದರು.

“ಇಲ್ಲಿ ಟ್ರ್ಯಾಕರ್ ಬದಲಾಯಿಸ್ತಿದ್ದಾರೆ. ಮುಚ್ಚಿದ್ದು ಹೋಗಿಬಿಡುತ್ತೆ. ನಿಮ್ಮ ಮಾತೆಲ್ಲ ಅದರಲ್ಲಿದೆ… ಅದಕ್ಕೆ ತೆರೆದೆ. ತಪ್ಪಾಯ್ತು.”

“ಹಾಗಾದ್ರೆ ಎಲ್ಲ ಸರಿಯಾಗೇ ಇತ್ತು?”

“ಎಲ್ಲ ಸರಿಯಾಗಿತ್ತು.”

“ನೋಡಿದೀರಾ? ಅಥವಾ ಇದನ್ನೂ ಸುಮ್ನೆ ಹೇಳ್ತಿದೀರಾ?”

ರಾಯರು ಪರದೆಯ ಮೇಲಿನ ಉದ್ದ ಪಟ್ಟಿಯ ಕಡೆ ನೋಡಿದರು.

“ನೋಡಿ ಹೇಳಿ, ರಾಯರೇ,” ಎಂದು ಗುರುಗಳು ಫೋನ್ ಇಟ್ಟರು.

ಮೇಡಂ ಬಾಗಿಲಲ್ಲಿ ನಿಂತಿದ್ದರು. “ಮುನ್ನೂರ ಹನ್ನೆರಡಿದ್ದದ್ದು ಐನೂರ ಇಪ್ಪತ್ತಾರು ಆಗಿದೆಯಲ್ಲ! ತಪ್ಪುಗಳೇನು ಮರಿ ಹಾಕ್ತಿವೆಯಾ?”

ರಾಯರು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. “ಸರಿ. ಎಲ್ಲಾನೂ ಒಂದೇ ಸಲಕ್ಕೆ ಮುಚ್ಚಿಬಿಡಿ.”

“ಬೇಡ ಮೇಡಂ. ಒಂದೊಂದೇ ನೋಡ್ತೀನಿ.”

“ಐದು ಗಂಟೆನ ಮುಂದಕ್ಕೆ ಹಾಕೋದು ನನ್ನ ಕೈಲಿಲ್ಲ, ರಾಯರೇ.”

ಒಂದೊಂದಕ್ಕೆ ಎರಡು ನಿಮಿಷ. ಡಬ್ಬಿ ಚೀಲದಲ್ಲೇ ಉಳಿಯಿತು. ಪ್ರತಿಯೊಂದನ್ನೂ ಪರೀಕ್ಷಿಸಿ, ‘ಇಂದು ನೋಡಿದೆ, ಸರಿಯಾಗಿದೆ’ ಎಂದು ಬರೆದು ಮುಚ್ಚುತ್ತ ಹೋದರು. ಮುಚ್ಚುವ ಮುನ್ನ ಗುರುಗಳ ಸಾಲುಗಳ ಮೇಲೆ ಕಣ್ಣಾಡಿಸುವಷ್ಟು ಮಾತ್ರ ಬಿಡುವು. “ಇವತ್ತು ಮಗಳ ಪರೀಕ್ಷೆ, ನನಗೇ ಭಯ.” “ನಿಮಗೆ ಜ್ವರ ಅಂತ ಕೇಳಿದೆ, ತಪ್ಪುಗಳು ಕಾಯ್ತವೆ, ಮಲಗಿ.” ಜ್ವರ ಬಂದಾಗ ಮಲಗಿ ಎಂದು ಹೇಳಿದವರು ಆ ವರ್ಷ ಅವರೊಬ್ಬರೇ. ರಾಯರು ಅದನ್ನೂ ಮುಚ್ಚಿದರು. ಪ್ರತಿ ಸಲವೂ ದೂರದ ಆ ಮನೆಗೆ ಒಂದು ಮೇಲ್ ಹೋಗುತ್ತಿತ್ತು. ಅಲ್ಲಿಂದ ಏನೂ ಬರುತ್ತಿರಲಿಲ್ಲ.

ಮೂರೂವರೆಯ ಹೊತ್ತಿಗೆ ಒಂದು ಟಿಕೆಟ್ಟಿನ ಮುಂದೆ ಅವರ ಕೈ ನಿಂತಿತು. ಪುಸ್ತಕ ಕೊಟ್ಟಾಗ ಅಚ್ಚಾಗುವ ಚೀಟಿಯಲ್ಲಿ ಓದುಗರ ಉದ್ದ ಹೆಸರು ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆಂಬ ಹಳೆಯ ತಪ್ಪು. ಎಂಟು ವರ್ಷದ ಹಿಂದೆ ಮೂವತ್ತು ಅಕ್ಷರ ಹಾಕಿ ನೋಡಿ, ಸರಿಯೆಂದು ರಾಯರೇ ಮುಚ್ಚಿದ್ದರು. ಇಂದು ನಲವತ್ತು ಹಾಕಿದರು. ಹೆಸರಿನ ಬಾಲ ತುಂಡಾಯಿತು.

ನಿಜವಾಗಿಯೂ ಸರಿಹೋಗಿರಲಿಲ್ಲ.

ಅವರಿಗೆ ಬೇಕಾಗಿದ್ದುದು ಕೈಗೆ ಬಂದು ಕುಳಿತಿತ್ತು: ಸುಳ್ಳಿಲ್ಲದೆ ತೆರೆದಿಡಬಹುದಾದ ಒಂದು ಟಿಕೆಟ್, ಅದರ ಕೆಳಗೆ ಗುರುಗಳ ಆರು ಸಾಲುಗಳು. ಆದರೆ ಉಪವಾಸ ಕುಳಿತ ಮುದುಕರಿಗೆ ಅದನ್ನು ಹೇಗೆ ಹೇಳುವುದು? ಮುಚ್ಚಿಬಿಟ್ಟರೆ ಅವರಿಗೆ ನೆಮ್ಮದಿ. ನಿನ್ನೆ ತನಗಾಗಿ ಸುಳ್ಳು ಹೇಳಿದವನು ಇಂದು ಅವರಿಗಾಗಿ ಒಂದು ಹೇಳಿದರೆ ಕೇಳುವವರಾರು? ರಾಯರು ಕಣ್ಣು ಮುಚ್ಚಿ ಕುಳಿತರು. ಅದು ಪ್ರಾರ್ಥನೆಯೋ ಆಯಾಸವೋ ಹೇಳಲಾಗದು. ಮೇಲಿರುವವನು ಎರಡನ್ನೂ ಆಲಿಸುತ್ತಾನೆ. ಆಮೇಲೆ ಬೆಳಿಗ್ಗೆ ಕರೆ ಬಂದ ಸಂಖ್ಯೆಗೆ ಫೋನ್ ಮಾಡಿದರು.

“ಗುರುಗಳೇ, ಒಂದು ಮಾತ್ರ ಸರಿಹೋಗಿಲ್ಲ. ಈ ಸಲ ನಿಜ. ಚೀಟಿಯಲ್ಲಿ ಉದ್ದ ಹೆಸರು. ನಲವತ್ತು ಅಕ್ಷರ ಹಾಕಿದ್ರೆ ಕತ್ತರಿಸುತ್ತೆ. ಅವತ್ತು ನಾನೇ ಅಷ್ಟು ಹಾಕಿ ನೋಡಲಿಲ್ಲ.”

ತೆಳ್ಳಗಿನ ಧ್ವನಿ ಕೇಳಿಸಿತು. “ಅಷ್ಟು ಉದ್ದದ ಹೆಸರು ಯಾರಿಟ್ಕೋತಾರೆ ಅಂದ್ಕೊಂಡಿದ್ದೆ.” ಆಚೆ ಕಾಗದ ಮಗುಚಿದ ಸದ್ದು. “ತಿದ್ದೋರಿಗೆ ಹೇಳಿ, ಅಕ್ಷರ ಎಣಿಸೋದು ಬೇಡ, ಚೀಟಿ ಅಗಲ ಅಳೀಲಿ. ಮಿಕ್ಕಿದ್ದೆಲ್ಲ?”

“ನೋಡಿದಷ್ಟೂ ಸರಿಯಾಗಿದೆ. ಇನ್ನು ನಲವತ್ತು ಬಾಕಿ.”

“ಮುಗಿಸಿ ಹಾಗಾದ್ರೆ,” ಎಂದರು. ಆಚೆ ಕುರ್ಚಿ ಸರಿದ ಸದ್ದು, “ತಟ್ಟೆ ಹಾಕಮ್ಮ” ಎಂದು ಮಗಳಿಗೆ ಹೇಳಿದ್ದು ಕೇಳಿಸಿತು. ಫೋನ್ ಕಟ್ಟಾಯಿತು. ಆ ಸಲಹೆಯನ್ನು ಮೊದಲು ತಿದ್ದಿದವರದೆಂದು ಟಿಕೆಟ್ಟಿನ ಕೆಳಗೆ ಬರೆದು, ಅದೊಂದನ್ನು ತೆರೆದೇ ಇಟ್ಟು ರಾಯರು ಮುಂದಿನದಕ್ಕೆ ಹೋದರು.

ಕೊನೆಯದನ್ನು ಮುಚ್ಚಿದಾಗ ಐದಕ್ಕೆ ಎಂಟು ನಿಮಿಷ. ಐದಕ್ಕೆ ಹಳೆಯ ಟ್ರ್ಯಾಕರಿನ ಪುಟ ಬಿಳಿಯಾಯಿತು. ಇನ್ನೂರ ಹದಿಮೂರು ಟಿಕೆಟ್ಟುಗಳ ಮಾತು ಅಲ್ಲಿಗೆ ನಿಂತಿತು. ರಾಯರು ಅಂದು ಕೋಣೆಗೆ ನಡೆದೇ ಹೋದರು.

ಸೋಮವಾರ ಹೊಸ ಟ್ರ್ಯಾಕರಿನಲ್ಲಿ ಮುನ್ನೂರ ಹದಿಮೂರು ಟಿಕೆಟ್ಟುಗಳಿದ್ದವು. ರಾಯರು ಆ ಒಂದನ್ನು ತೆರೆದರು. ಆರು ಸಾಲುಗಳೂ ಬಂದಿದ್ದವು. ಆದರೆ ಹೊಸ ಟ್ರ್ಯಾಕರಿಗೆ ಗುರುಗಳು ಯಾರೆಂದು ಗೊತ್ತಿರಲಿಲ್ಲ; ಅವರ ಹೆಸರಿದ್ದ ಜಾಗದಲ್ಲೆಲ್ಲ ‘ಹಳೆಯ ಬಳಕೆದಾರ’ ಎಂದಿತ್ತು. ಕೆಲಸ ಹೊಸ ಪ್ರೋಗ್ರಾಮರ್ ಒಬ್ಬಳ ಪಾಲಿಗೆ ಹೋಗಿತ್ತು. ಅವಳು ಕೆಳಗೆ ಕೇಳಿದ್ದಳು: “ಚೀಟಿ ಅಗಲ ಅಳೀಬೇಕು ಅನ್ನೋದು ಒಳ್ಳೇ ಐಡಿಯಾ. ಈ ಹಳೇ ಬಳಕೆದಾರ ಯಾರು ಸರ್?”

ರಾಯರು ಹುದ್ದೆ ಬರೆದು ಅಳಿಸಿದರು. ಶಾಖೆಯ ಹೆಸರು ಬರೆದು ಅಳಿಸಿದರು. ಹದಿನೇಳು ವರ್ಷಗಳಲ್ಲಿ ಟಿಕೆಟ್ಟಿನ ಕೆಳಗೆ ತಪ್ಪಿಗೆ ಸಂಬಂಧಿಸದ ಮಾತನ್ನು ಮೊದಲು ಬರೆದವರು ಯಾವಾಗಲೂ ಗುರುಗಳೇ. ಕೊನೆಗೆ ರಾಯರು ಬರೆದರು: “ನನ್ನ ಸ್ನೇಹಿತರು.”

ಊಟದ ಹೊತ್ತಿನವರೆಗೂ ಕಾದರು. ಅವಳು ಏನನ್ನೂ ಬರೆಯಲಿಲ್ಲ. ಟಿಕೆಟ್ಟಿನ ಮೇಲೆ ‘ಕೆಲಸ ನಡೆಯುತ್ತಿದೆ’ ಎಂದು ಮಾತ್ರ ಬದಲಾಯಿತು.