ರದ್ದಾಗಿದ್ದನ್ನು ಹೇಳಿಯೇ ತಗೊಂಡ ಪಾಲಿಸಿ

ಬಂತು! ಮೊಮ್ಮಗಳ ಕಾರಿಗೆ ಪಾಲಿಸಿ ಬಂತು. ಇವತ್ತು ಮಧ್ಯಾಹ್ನ ಅವಳ ಫೋನು ಟಿಂಗ್ ಅಂತು. ನೋಡಿದಳು, ಇನ್ನೊಂದು ಸಲ ನೋಡಿದಳು, ಆಮೇಲೆ ಅಡುಗೆಮನೆಗೆ ಓಡಿಹೋಗಿ ಅವಳ ಅಜ್ಜಿಯನ್ನು, ಅಂದರೆ ನನ್ನ ಹೆಂಡತಿಯನ್ನು, ಸೊಂಟ ಹಿಡಿದು ಎತ್ತಿಬಿಟ್ಟಳು. ನಮ್ಮವಳ ತೂಕ ಸಾಮಾನ್ಯದ್ದಲ್ಲ. ಸೌಟು ಕೈಯಲ್ಲೇ ಇತ್ತು, ಗೋಡೆಗೆಲ್ಲ ಸಾರು ಹಾರಿತು. "ಇಳಿಸೇ, ಬೀಳ್ತೀನಿ, ಇಳಿಸೇ!" ಅಂತ ಅವಳು ಕೂಗುತ್ತಿದ್ದರೆ ಇವಳು "ಕೊಟ್ರು ಅಜ್ಜಿ, ಕೊಟ್ರು" ಅನ್ನುತ್ತಾ ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಯಾವುದು ಅಂತ ನನಗೆ ಗೊತ್ತಾಗಲಿಲ್ಲ.

ಕಾರಿಗೆ ಇನ್ಶೂರೆನ್ಸ್ ಆಗಿದ್ದಕ್ಕೆ ಯಾರಾದರೂ ಸ್ವೀಟು ಹಂಚುತ್ತಾರಾ? ನಾನು ಹಂಚಿದೆ. ತಿಲಕ್ ನಗರದ ನಮ್ಮ ಬೀದಿಯಲ್ಲಿ ಈ ತುದಿಯಿಂದ ಆ ತುದಿವರೆಗೂ ಮೈಸೂರ್ ಪಾಕಿನ ಡಬ್ಬ ಹಿಡಿದುಕೊಂಡು ಹೋದೆ. ಮೂಲೆ ಅಂಗಡಿಯವನು ಕೇಳಿದ, "ಏನ್ ತಾತ, ಮರಿಮಗೂನಾ?"

"ಅಲ್ಲ ಕಣಯ್ಯ. ಇನ್ಶೂರೆನ್ಸು."

ಅವನು ಮೈಸೂರ್ ಪಾಕನ್ನು ಬಾಯಿಗೆ ಇಡುವವನು ಹಾಗೇ ನಿಂತ. "ನನ್ ಗಾಡೀದೂ ಮುಂದಿನ ತಿಂಗಳು ಮುಗಿಯುತ್ತೆ. ನಾನೂ ಹಂಚಬೇಕಾ?"

ಹಂಚು ಅಂದೆ. ಅವನಿಗೆ ಎಲ್ಲಿಂದ ಗೊತ್ತಾಗಬೇಕು, ಈ ಪಾಲಿಸಿ ಹೆಂಗೆ ಬಂತು ಅಂತ.

ಮೊದಲಿಂದ ಹೇಳುತ್ತೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕೈಗೆ ಬಂದದ್ದು ಕತ್ತರಿ, ರೆಕ್ಸಿನ್ನು, ಹೊಲಿಗೆ ಮಿಷನ್ನು. ಕಾರಿನ ಸೀಟ್ ಕವರ್ ಹೊಲಿಯುವುದೇ ನನ್ನ ಕಸುಬು. ಅಂಗಡಿ ಮನೆಯ ಕೆಳಗೇ, ಈಗ ಗಿರಾಕಿ ಕಡಿಮೆ. ಅಳಿಯ ತೀರಿಕೊಂಡ ಮೇಲೆ ಮಗಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಆ ಮಗು ಬೆಳೆದದ್ದು ಸ್ಪಂಜಿನ ತುಂಡುಗಳ ಮಧ್ಯೆ. ಕಳಚಿಟ್ಟ ಸೀಟಿನ ಮೇಲೆ ಕೂತು ಬಾಯಲ್ಲೇ ಗಾಡಿ ಓಡಿಸುತ್ತಿದ್ದಳು. ದೊಡ್ಡವಳಾದ ಮೇಲೆ ನಿಜವಾಗಿ ಓಡಿಸುವುದನ್ನು ಕಲಿತಳು. ಕ್ಲಚ್ ಬಿಡುವುದರಲ್ಲಿ ಅವಳಷ್ಟು ನಾಜೂಕು ನಾನು ಬೇರೆ ಯಾರ ಹತ್ತಿರವೂ ನೋಡಿಲ್ಲ. ತುಂಬಿದ ಕಾಫಿ ಲೋಟ ಹಿಡಿದುಕೊಂಡು ಹಿಂದೆ ಕೂರಬಹುದು.

ಮೂರು ವರ್ಷದ ಹಿಂದೆ ಅವಳ ಹತ್ತಿರ ಒಂದು ಹಳೇ ಕಾರಿತ್ತು. ವೈಟ್ ಬೋರ್ಡು, ಅಂದರೆ ಸ್ವಂತಕ್ಕೆ ಮಾತ್ರ ಓಡಿಸುವಂಥದ್ದು. ಅಕ್ಕಪಕ್ಕದ ಮನೆಯವರು ಬಂದು, ನಮ್ಮ ಮಕ್ಕಳನ್ನು ಜಯನಗರದ ಸ್ಕೂಲಿಗೆ ಬಿಟ್ಟು ಬಾಮ್ಮ, ನಿನ್ನ ಕೈಯಲ್ಲಿ ಕೊಟ್ಟರೆ ನಮಗೆ ಧೈರ್ಯ ಅಂದರು. ಬಿಟ್ಟು ಬರುತ್ತಿದ್ದಳು. ಅವರು ತಿಂಗಳಿಗಿಷ್ಟು ಅಂತ ಕೊಡುತ್ತಿದ್ದರು. ಒಂದು ದಿನ ಸ್ಕೂಲಿನ ಮುಂದೆ ರಿವರ್ಸ್ ತೆಗೆಯುವಾಗ ಹಿಂದಿನ ಬಾಗಿಲು ಕಂಬಕ್ಕೆ ತಗುಲಿ ಒಳಗೆ ಹೋಯಿತು. ಮಕ್ಕಳು ಆಗಲೇ ಇಳಿದಿದ್ದರು, ಯಾರಿಗೂ ಏನೂ ಆಗಲಿಲ್ಲ. ಇನ್ಶೂರೆನ್ಸಿನವರಿಗೆ ತಿಳಿಸಿದೆವು. ಅವರ ಕಡೆಯಿಂದ ಡ್ಯಾಮೇಜು ನೋಡಲು ಸರ್ವೇಯರ್ ಬಂದ.

ಮೊಮ್ಮಗಳು ಮನೆಯಲ್ಲಿರಲಿಲ್ಲ. ನಾನೇ ಕೂರಿಸಿ ಕಾಫಿ ಕೊಟ್ಟೆ. ಒಳ್ಳೇ ಮನುಷ್ಯ. "ಗಾಡಿ ಯಾರು ಓಡಿಸ್ತಾರೆ ಯಜಮಾನ್ರೇ?" ಅಂದ. ನನ್ನನ್ನು ಮೊಮ್ಮಗಳ ಬಗ್ಗೆ ಕೇಳಿದರೆ ಕೇಳಬೇಕಾ! ಈ ಬೀದಿಯ ಅಷ್ಟೂ ಮಕ್ಕಳನ್ನು ಅವಳೇ ಸ್ಕೂಲಿಗೆ ಕರಕೊಂಡು ಹೋಗೋದು ಸಾರ್, ಒಂದು ದಿನ ಲೇಟಿಲ್ಲ, ತಿಂಗಳಾದರೆ ಎಲ್ಲರೂ ಕೈಗೆ ತಂದು ಕೊಡುತ್ತಾರೆ, ಹುಡುಗಿಯಾದರೂ ದುಡಿದು ಮನೆ ನೋಡುತ್ತಾಳೆ ಅಂತ ಹೇಳುತ್ತಲೇ ಹೋದೆ. ಅವನು ಬರೆದುಕೊಳ್ಳುತ್ತಲೇ ಹೋದ. ನನಗೆ ಇನ್ನೂ ಹುರುಪು ಬಂತು.

ರಿಪೇರಿಗೆ ಕಾಸು ಬರಲಿಲ್ಲ. ಬಾಡಿಗೆಗೆ ಓಡಿಸಿದ್ದೀರಿ, ಅದನ್ನು ನಮಗೆ ಹೇಳಿಲ್ಲ ಅಂತ ಪಾಲಿಸಿಯನ್ನೇ ರದ್ದು ಮಾಡಿದರು. ಮಕ್ಕಳ ಟ್ರಿಪ್ಪು ನಿಂತಿತು. ಅವಳು ಕಾರು ಮಾರಿ, ಬೇರೆಯವರ ಗಾಡಿಗೆ ಡ್ರೈವರ್ ಆಗಿ ಹೋದಳು. ಮನೆಯಲ್ಲಿ ನನ್ನ ಬಾಯಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಬೈದುಕೊಳ್ಳಲಿ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಈಗಿನದಕ್ಕೆ ಬರುತ್ತೀನಿ. ಜೆಪಿ ನಗರದಲ್ಲಿ ಒಂದು ಫಿಸಿಯೋಥೆರಪಿ ಸೆಂಟರು. ಮಂಡಿ ಆಪರೇಷನ್ ಆದವರು, ಸ್ಟ್ರೋಕ್ ಹೊಡೆದವರು, ಇಂಥವರನ್ನೆಲ್ಲ ಮನೆಯಿಂದ ಕರೆತಂದು ವಾಪಸ್ ಬಿಡುವುದಕ್ಕೆ ಅವರಿಗೆ ಖಾಯಂ ಒಂದು ಗಾಡಿ ಬೇಕಿತ್ತು. ನಮ್ಮ ಹುಡುಗಿಯ ಡ್ರೈವಿಂಗ್ ನೋಡಿ ನೀನೇ ಬಾ ಅಂದರು. ಸ್ವಂತ ಗಾಡಿ ಇರಬೇಕು, ಯೆಲ್ಲೋ ಬೋರ್ಡ್ ಇರಬೇಕು, ಕಾಗದ ಎಲ್ಲ ಸರಿ ಇರಬೇಕು, ಸೋಮವಾರದಿಂದ ಶುರು, ಆಗಲ್ಲ ಅಂದರೆ ಬೇರೆಯವರಿಗೆ ಕೊಡುತ್ತೀವಿ ಅಂದರು. ಗೊಟ್ಟಿಗೆರೆಯಲ್ಲಿ ಒಬ್ಬರು ಯೆಲ್ಲೋ ಬೋರ್ಡ್ ಕಾರು ಮಾರುತ್ತಿದ್ದರು. ಕೊಂಡಳು. ಕಾಗದ ಅವಳ ಹೆಸರಿಗಾಯಿತು. ಆ ಗಾಡಿಯ ಹಳೇ ಇನ್ಶೂರೆನ್ಸು ಮುಗಿದಿತ್ತು. ಅವಳ ಹೆಸರಲ್ಲಿ ಹೊಸದು ಆಗುವವರೆಗೆ ಗಾಡಿ ರೋಡಿಗೆ ಇಳಿಯುವ ಹಾಗಿಲ್ಲ.

ನನ್ನ ಮಗ ಬಿಟಿಎಂ ಲೇಔಟಿನಿಂದ ಅವನ ಸ್ನೇಹಿತ ಏಜೆಂಟನ್ನು ಕರಕೊಂಡು ಬಂದ. ಹಾಲಿನಲ್ಲಿ ಎಲ್ಲರೂ ಕೂತೆವು. ಏಜೆಂಟು ಫೋನಿನಲ್ಲಿ ಒಂದೊಂದೇ ಪ್ರಶ್ನೆ ಓದುವುದು, ಇವಳು ಹೇಳುವುದು, ಅವನು ಒತ್ತುವುದು. ಸರಾಗವಾಗಿ ಹೋಗುತ್ತಿತ್ತು. ಆಮೇಲೆ ಓದಿದ, "ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪಾಲಿಸಿ ರದ್ದು ಮಾಡಿದ್ದುಂಟಾ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ನಮ್ಮವಳು, "ರೀ, ಒಳಗೆ ಹೋಗಿ ಕಾಫಿ ಲೋಟ ತನ್ನಿ," ಅಂದಳು.

"ಲೋಟ ಇಲ್ಲೇ ಇದಾವಲ್ಲ."

"ಹಂಗಾದ್ರೆ ಸಕ್ಕರೆ ತನ್ನಿ. ಏನಾದ್ರೂ ತನ್ನಿ. ಮೊದಲು ಏಳಿ."

ನಾನು ಏಳಲಿಲ್ಲ. ಮಗ ಹೇಳಿದ, "ಇಲ್ಲ ಅಂತ ಹಾಕು ಗುರು. ಅದು ಬೇರೆ ಕಾರು, ಬೇರೆ ಕಂಪನಿ. ಅದನ್ನೆಲ್ಲ ಯಾಕೆ ಕೆದಕೋದು?"

ಏಜೆಂಟೂ ಅದನ್ನೇ ಹೇಳಿದ. "ಎಲ್ಲರೂ ಇಲ್ಲ ಅಂತಾನೇ ಹಾಕೋದಮ್ಮ. ಇಲ್ಲ ಅಂದ್ರೆ ಹತ್ತು ನಿಮಿಷ, ಪಾಲಿಸಿ ನಿನ್ ಫೋನಲ್ಲಿ. ಹೌದು ಅಂದ್ರೆ ಆನ್‌ಲೈನಲ್ಲಿ ಆಗಲ್ಲ. ಬ್ರಾಂಚಿಗೆ ಹೋಗುತ್ತೆ, ಅಲ್ಲಿಂದ ಮೇಲಕ್ಕೆ ಹೋಗುತ್ತೆ. ಕೊಡಲ್ಲ ಅಂದ್ರೂ ಅನ್ಬೋದು. ನಿನ್ನ ಸೋಮವಾರ ಹೋಯ್ತು ಅಂತ ಇಟ್ಕೋ."

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ನಾನೇನೋ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳೇ ಕೇಳಿದಳು, "ತಾತ, ಯಾರಾದ್ರೂ ಅಂಗಡಿಗೆ ಬಂದ್ರೆ ನೀನು ಮೊದಲು ಏನು ಕೇಳ್ತಿದ್ದೆ?"

"ಹಿಂದೆ ಯಾರು ಹೊಲಿದರು, ಅವರನ್ನ ಯಾಕೆ ಬಿಟ್ರಿ ಅಂತ."

ಕೇಳದೆ ನಾನು ಅಳತೆ ಟೇಪು ಮುಟ್ಟುತ್ತಿರಲಿಲ್ಲ. ಅದು ನನ್ನ ಪದ್ಧತಿ. ಬಂದವರಲ್ಲಿ ಕೆಲವರಿಗೆ ಸಿಟ್ಟು ಬರುತ್ತಿತ್ತು, ನಿನಗ್ಯಾಕಯ್ಯ ಅದೆಲ್ಲ ಅನ್ನುತ್ತಿದ್ದರು. ಕೆಲವರು ಇದ್ದದ್ದು ಹೇಳುತ್ತಿದ್ದರು. ಹಿಂದಿನ ಸೀಟಲ್ಲಿ ನಾಯಿ ಮಲಗಿಸುತ್ತೀವಿ, ಅದು ಕಿತ್ತು ಹಾಕಿತು, ಅವನು ಇನ್ನು ನಿಮ್ಮ ಗಾಡಿ ಮುಟ್ಟಲ್ಲ ಅಂದ ಅಂತ. ನಾಯಿ ಇದೆ ಅಂತ ಗೊತ್ತಾದರೆ ನಾನು ದಪ್ಪ ರೆಕ್ಸಿನ್ ತೆಗೆಯುತ್ತಿದ್ದೆ, ಹೊಲಿಗೆ ಎರಡು ಸಾಲು ಹಾಕುತ್ತಿದ್ದೆ. ನಾನು ಕೇಳುತ್ತಿದ್ದದ್ದು ಯಾರನ್ನೂ ಓಡಿಸುವುದಕ್ಕಲ್ಲ, ಯಾವ ದಾರ ಹಾಕಬೇಕು ಅಂತ ತಿಳಿಯುವುದಕ್ಕೆ. ಮನೆಯವರೆಲ್ಲ ಪೊಲೀಸಿನವರೇ ಕೇಳಿದರೇನೋ ಅನ್ನುವ ಹಾಗೆ ಯಾವ ಪ್ರಶ್ನೆಗೆ ಬೆವರುತ್ತಿದ್ದರೋ ಅದು ನನಗೆ ನನ್ನ ಅಂಗಡಿಯ ಪ್ರಶ್ನೆಯ ಹಾಗೇ ಕಂಡಿತು.

ಅವಳು ಏಜೆಂಟಿನ ಕಡೆ ತಿರುಗಿದಳು. "ಹೌದು ಅಂತ ಹಾಕಿ ಅಂಕಲ್."

"ಏಯ್, ತಲೆ ಕೆಟ್ಟಿದೆಯಾ?" ಅಂತ ನನ್ನ ಮಗ ಎದ್ದು ನಿಂತ.

"ಮಾವ, ನನ್ನ ಹಿಂದಿನ ಸೀಟಲ್ಲಿ ನಡೆಯೋಕಾಗದೇ ಇರೋರು ಕೂತಿರ್ತಾರೆ. ನಾಳೆ ಏನಾದ್ರೂ ಆಗಿ, ಇವಳು ಆವತ್ತೇ ಸುಳ್ಳು ಹೇಳಿದ್ಳು ಅಂತ ಇನ್ನೊಂದ್ಸಲ ಕೈ ಎತ್ತಿಬಿಟ್ರೆ? ಒಂದ್ಸಲ ನೋಡಿದೀನಿ. ಸಾಕು."

ಏಜೆಂಟು ನನ್ನ ಮಗನನ್ನು ನೋಡಿದ, ನನ್ನನ್ನು ನೋಡಿದ, ನಿಟ್ಟುಸಿರು ಬಿಟ್ಟು ಒತ್ತಿದ.

ಮಾರನೇ ದಿನ ಜಯನಗರದ ಬ್ರಾಂಚಿಗೆ ಬರಹೇಳಿದರು. ನಾನೂ ಹೊರಟೆ. ಬಾಗಿಲಲ್ಲಿ ನಮ್ಮವಳು ಅಡ್ಡ ನಿಂತಳು. "ನೀವು ಹೋಗೋದಾದ್ರೆ ಬಾಯಿಗೆ ಎಲೆ ಅಡಿಕೆ ತುಂಬ್ಕೊಂಡು ಹೋಗಿ."

ಮೊಮ್ಮಗಳು, "ಬರಲಿ ಬಿಡಜ್ಜಿ. ಆವತ್ತು ಮನೇಲಿದ್ದದ್ದು ತಾತ ಒಬ್ಬನೇ," ಅಂದಳು.

ಬ್ರಾಂಚಿನಲ್ಲಿ ಒಬ್ಬರು ಮೇಡಂ. ನಡುವಯಸ್ಸು, ಕನ್ನಡಕ, ನಗು ಇಲ್ಲ. ನೀವು ತಪ್ಪು ಮಾಹಿತಿ ಕೊಟ್ಟಿದ್ದೀರಿ ಅಂತ ಹಿಂದಿನ ಕಂಪನಿಯವರು ಬರೆದಿದ್ದಾರೆ, ಏನದು, ನೀವೇ ಹೇಳಿ ಅಂದರು. ನಾನು ತುಟಿ ಬಿಚ್ಚಲಿಲ್ಲ. ನನಗೆ ಅದು ಎಷ್ಟು ಕಷ್ಟ ಅಂತ ಬಲ್ಲವರೇ ಬಲ್ಲರು. ಮೊಮ್ಮಗಳು ಹೇಳಿದಳು. ಮಕ್ಕಳು, ಸ್ಕೂಲು, ಕಂಬ, ಕೊಡುತ್ತಿದ್ದ ಕಾಸು, ಏನೂ ಬಿಡಲಿಲ್ಲ.

"ವೈಟ್ ಬೋರ್ಡಲ್ಲಿ ಬಾಡಿಗೆ ಹೊಡೀಬಾರದು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ. ಅಕ್ಕಪಕ್ಕದ ಮಕ್ಕಳು, ಇದು ಬಾಡಿಗೆ ಅಲ್ಲ ಅಂದ್ಕೊಂಡಿದ್ದೆ. ತಿಂಗಳು ತಿಂಗಳು ಈಸ್ಕೊಂಡ ಮೇಲೆ ಅದೂ ಬಾಡಿಗೇನೇ."

ಮೇಡಂ ನನ್ನ ಕಡೆ ನೋಡಿದರು. "ಇವರು ಯಾರು?"

"ನಮ್ಮ ತಾತ. ಸರ್ವೇಯರಿಗೆ ಎಲ್ಲಾ ಹೇಳಿದ್ದು ಇವರೇ."

"ಕಾಫಿ ಕೊಟ್ಟು ಹೇಳಿದೆ ಮೇಡಂ," ಅಂದೆ. ಅಷ್ಟೇ ಅಂದದ್ದು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ತುಟಿ ಸ್ವಲ್ಪ ಅಲುಗಿದ್ದು ನಾನು ನೋಡಿದೆ.

"ಆಗ ಬಾಡಿಗೆಗೆ ಓಡಿಸಿ ಹೇಳಲಿಲ್ಲ, ಅದಕ್ಕೆ ರದ್ದಾಯ್ತು. ಈಗ ಬಾಡಿಗೆಗೇ ಅಂತ ಹೇಳಿ, ಟ್ಯಾಕ್ಸಿ ಪಾಲಿಸಿನೇ ಕೇಳ್ತಿದ್ದೀರ. ಹಂಗೇ ಬರೆದು ಮೇಲಕ್ಕೆ ಕಳಿಸ್ತೀನಿ. ಆದರೆ ತೀರ್ಮಾನ ನನ್ನ ಕೈಲಿಲ್ಲ. ಆಗಲ್ಲ ಅಂದ್ರೆ ನನ್ನನ್ನ ಬೈಬಾರದು."

ಇಬ್ಬರೂ ಹೊರಗೆ ಬಂದೆವು. ಬಸ್ ಸ್ಟಾಪಿನಲ್ಲಿ ನಾನೇ ಅಂದೆ, "ಕೊಟ್ಟೇ ಕೊಡ್ತಾರೆ ಕಣೇ."

"ನಿಂಗೆ ಹೆಂಗೊತ್ತು?"

"ಇದ್ದದ್ದು ಹೇಳಿದೋರಿಗೆಲ್ಲ ನಾನು ಹೊಲಿದು ಕೊಟ್ಟಿಲ್ವಾ?"

"ಸುಳ್ಳು ಹೇಳಿದೋರಿಗೆ?"

"ಅವರಿಗೂ ಕೊಟ್ಟೆ. ಮೂರು ತಿಂಗಳಿಗೆ ಹರ್ಕೊಂಡು ವಾಪಸ್ ಬರ್ತಿದ್ರು."

ಅವಳು ನಕ್ಕಳು, ನಗು ಪೂರ್ತಿ ಬರಲಿಲ್ಲ. ಒಂದು ಮಾತು ಹೇಳಲೇಬೇಕು, ನನಗೆ ಒಳಗೆ ಒಂದು ಚೂರೂ ಅನುಮಾನವಿರಲಿಲ್ಲ. ಅನುಮಾನವಿದ್ದರೆ ಬೇರೆ ಕೆಲಸ ಬಿಟ್ಟು ಆ ಕಾರಿನ ಸೀಟು ಬಿಚ್ಚುತ್ತಿದ್ದೆನಾ? ಮನೆಗೆ ಬಂದವನೇ ಹಿಂದಿನ ಸೀಟು ಕಳಚಿ ಅಂಗಡಿಗೆ ಹೊತ್ತೆ. ಹಳೇ ಸ್ಪಂಜು ಹಪ್ಪಳದ ಹಾಗೆ ಕೂತುಹೋಗಿತ್ತು. ಕೂತರೆ ಒಳಗೆ ಇಳಿಯುತ್ತದೆ, ಮಂಡಿ ನೋವಿನವರು ಏಳುವುದು ಹೇಗೆ? ಗಟ್ಟಿ ಸ್ಪಂಜು ಹಾಕಿ ಸ್ವಲ್ಪ ಎತ್ತರ ಮಾಡಿದೆ. ಬಾಗಿಲ ಕಡೆಯ ಅಂಚು ಇಳಿಜಾರು ಮಾಡಿದೆ, ಜಾರಿಕೊಂಡು ಕಾಲು ಕೆಳಗಿಡಲಿ ಅಂತ. ನಮ್ಮವಳನ್ನೇ ಕೂರಿಸಿ, ಏಳಿಸಿ, ಕೂರಿಸಿ ನೋಡಿದೆ. ಅವಳು, "ನಾನೇನು ಗಿರಾಕಿನಾ?" ಅಂತ ರೇಗಿದರೂ ಕೈ ಊರದೆ ಎದ್ದಳು. ಸಾಕು ಅಂದುಕೊಂಡೆ.

ಅಷ್ಟರಲ್ಲಿ ಕಂಪನಿ ಕಡೆಯವರು ಒಬ್ಬರು ಬಂದು ಗಾಡಿಯ ಸುತ್ತ ಫೋಟೋ ಹೊಡೆದುಕೊಂಡು ಹೋದರು. ಈ ಸಲ ಕಾಫಿ ಕೊಟ್ಟವಳು ನಮ್ಮವಳು. ನನ್ನನ್ನು ಕೊತ್ತಂಬರಿ ಸೊಪ್ಪಿಗೆ ಕಳಿಸಿದ್ದಳು.

ಆಮೇಲೆ ಸುದ್ದಿಯೇ ಇಲ್ಲ. ಸೆಂಟರಿನವರು ಫೋನ್ ಮಾಡಿ ಏನಾಯಿತಮ್ಮ ಅಂದರು. ಮಗ ಬಂದು, ನಾನು ಹೇಳಲಿಲ್ವಾ ಅಂದ. ಸೋಮವಾರ ಹತ್ತಿರ ಬಂತು. ನಾನು ರೆಕ್ಸಿನ್ನಿನ ಅಂಚಿಗೆ ಪೈಪಿಂಗ್ ಹೊಲಿಯುತ್ತಾ ಕೂತೆ.

ಇವತ್ತು ಮಧ್ಯಾಹ್ನ ಬಂತು. ಒಂದು ಷರತ್ತು ಹಾಕಿದ್ದಾರೆ, ಗಾಡಿಗೆ ಏನಾದರೂ ಡ್ಯಾಮೇಜ್ ಆದರೆ ಮೊದಲ ಒಂದಿಷ್ಟು ಖರ್ಚು ಅವಳೇ ಹಾಕಿಕೊಳ್ಳಬೇಕು, ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಹಾಕಿಕೊಳ್ಳಲಿ. ನಾಯಿ ಇರುವ ಗಾಡಿಗೆ ದಪ್ಪ ರೆಕ್ಸಿನ್ನು. ಅವಳು ಸೆಂಟರಿಗೆ ಫೋನ್ ಮಾಡಿ "ಸೋಮವಾರ ಬರ್ತೀನಿ ಮೇಡಂ" ಅಂದ ದನಿ ಇದೆಯಲ್ಲ, ಅದನ್ನು ಈ ಬೀದಿಯವರೆಲ್ಲ ಕೇಳಿಸಿಕೊಂಡಿದ್ದಾರೆ. ಕೇಳಿಸದವರಿಗೆ ನಾನು ಹೇಳಿದ್ದೀನಿ.

ಸಾಯಂಕಾಲ ಮಗ ಕೋಳಿ ತಂದ. ಏಜೆಂಟನ್ನೂ ಕರಕೊಂಡು ಬಂದ. ಅವನು ಚಪ್ಪಲಿ ಬಿಡುತ್ತಲೇ, "ಅಂಕಲ್, ನನ್ನ ಸರ್ವೀಸಲ್ಲಿ ಹೌದು ಅಂತ ಒತ್ತಿದ್ದು ಇದೇ ಮೊದಲು," ಅಂದ. ಮಗ ತನ್ನ ಅಕ್ಕನ ಮಗಳ ತಲೆ ಮೇಲೊಂದು ಮೊಟಕಿ ಅವಳ ಪಕ್ಕದಲ್ಲೇ ಕೂತ. ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಸಾಲಾಗಿ ಕೂತೆವು. ನಮ್ಮವಳು ಬಿಸಿ ಮುದ್ದೆ ಇಟ್ಟಳು, ಮಗಳು ಕೋಳಿ ಸಾರು ಬಡಿಸಿ ತಾನೂ ತಟ್ಟೆ ಹಾಕಿಕೊಂಡಳು. ಈ ವಾರವೆಲ್ಲ ಅರ್ಧ ಮುದ್ದೆಗೇ ಕೈ ತೊಳೆದು ಎದ್ದುಹೋಗುತ್ತಿದ್ದ ಹುಡುಗಿ ಒಂದು ಮುದ್ದೆ ಮುಗಿಸಿ, ಬೆರಳು ನೆಕ್ಕಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಅಜ್ಜಿ, ಇನ್ನೊಂದು ಹಾಕು."

ನಮ್ಮವಳು ತನ್ನ ಪಾಲಿನ ಮುದ್ದೆಯನ್ನೇ ಎತ್ತಿ ಅವಳ ತಟ್ಟೆಗಿಟ್ಟಳು. ಮತ್ತೆ ಒಲೆಗೆ ಎಸರು ಇಡಲು ಮಗಳು ಎದ್ದಳು, ನಾವು ಉಣ್ಣುತ್ತಾ ಕೂತೆವು.