ಎಮ್ಮೆಗಾಗಿ ಉಟ್ಟ ಸೀರೆ

ಅಂಕಲಿ ಹತ್ತಿರದ ನಮ್ಮೂರಿನ ಹಾಲಿನ ಡೇರಿ ಕಟ್ಟೆಯ ಮೇಲೆ ಕೂತು, ಎಮ್ಮೆ ಸಾಕುವುದು ಹೇಗೆಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದವನು ನಮ್ಮಪ್ಪ. ಡೇರಿಯ ಸದಸ್ಯ ಅವನು, ಸಭೆಯಲ್ಲಿ ಶಾಲು ಹೊದಿಸಿಕೊಂಡವನೂ ಅವನೇ. ಸಗಣಿ ಬಾಚಿ, ಮೇವು ಹಾಕಿ, ಎರಡು ಹೊತ್ತು ಹಿಂಡುತ್ತಿದ್ದವಳು ಅವ್ವ. ನಾನೂ ಚಿಕ್ಕೋಡಿಯ ಕಾಲೇಜಿನ ನೆಪ ಹೇಳಿ ಕೊಟ್ಟಿಗೆಯಿಂದ ದೂರವೇ ಇದ್ದೆ.

ಮನೆಗೊಂದು ಮೊಬೈಲು ಬಂದ ಹೊಸತು. ಮಿರಜದ ದವಾಖಾನೆಯಲ್ಲಿ ಅವ್ವನ ಗರ್ಭಕೋಶ ತೆಗೆದರು. ಒಂದೂವರೆ ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳಿದ್ದಳು. ಮೂರನೆಯ ದಿನ ಅಪ್ಪ ಬಂದ. ನೋಡಲು ಬಂದನೆಂದು ನಾನು ಕುರ್ಚಿ ಸರಿಸಿದೆ. ಅವನು ಕೂರಲೇ ಇಲ್ಲ.

"ನಿನ್ನ ಒಗೀಲಾರದ ಸೀರಿ ಎಲ್ಲೈತಿ? ನಿನ್ನ ವಾಸನಿ ಬರಲಿಲ್ಲಂದ್ರ ಎಮ್ಮಿ ಹಾಲ ಬಿಡವಲ್ದು," ಎಂದ.

ಅವ್ವ ನೋವಿನಲ್ಲೇ ಹೇಳಿದಳು: "ಮೊದಲ ಮೈ ಸವರ್ರಿ. ತಂಗೆವ್ವಾ ಅಂತ ಕರೀರಿ, ಬಿಡತಾಳ."

"ಎಮ್ಮಿಗಿ ತಂಗೆವ್ವಾ ಅನ್ನಾಕ ನನಗೇನ ಹುಚ್ಚ ಹಿಡದೈತೇನ?" ಎಂದು ಸೀರೆ ಗಂಟು ಕಟ್ಟಿಕೊಂಡು ಹೋದ. ನಿನಗೆ ಹೇಗಿದೆ ಎಂದು ಕೇಳಲಿಲ್ಲ.

ಮರುದಿನ ಬಟ್ಟೆ ತರಲು ಊರಿಗೆ ಹೋದಾಗ ಕಂಡೆ. ಮೀಸೆಯ ಮೇಲೆ ಸೆರಗು ಹೊದ್ದು, ಬಾಯಲ್ಲಿ ತಂಬಾಕು ಇಟ್ಟುಕೊಂಡು, ಅಪ್ಪ ಎಮ್ಮೆಯ ಕೆಳಗೆ ಕೂತಿದ್ದ. ಇಷ್ಟು ವರ್ಷ ಅದು ಬಟ್ಟೆಗೆ ಹಾಲು ಕೊಡುತ್ತಿತ್ತು ಎಂದುಕೊಂಡಿದ್ದ ಪುಣ್ಯಾತ್ಮ! ಎಮ್ಮೆ ಒಮ್ಮೆ ಮೂಸಿ ನೋಡಿ ಒದೆಯಿತು. ಬಕೆಟ್ಟು ಒಂದು ಕಡೆ, ಅವನೊಂದು ಕಡೆ. ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಅಷ್ಟರಲ್ಲಿ ಅವನು ಎದ್ದು ಬಡಿಗೆ ತೆಗೆದುಕೊಂಡ. ಅವ್ವನ ಸೀರೆ ಉಟ್ಟುಕೊಂಡೇ ಎಮ್ಮೆಯನ್ನು ಹೊಡೆದ. ನಾನು ತಡೆಯಲಿಲ್ಲ, ಆ ನಾಚಿಕೆ ಇನ್ನೂ ಇದೆ.

ಎಂಟನೆಯ ದಿನ ಅವ್ವ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು. ಕೊಟ್ಟಿಗೆಯಲ್ಲಿ ಅಪ್ಪ ಆಗಲೇ ಮಣೆ, ಬಕೆಟ್ಟು ಇಟ್ಟಿದ್ದ. ಅವ್ವ ಎಮ್ಮೆಯ ಮೈ ಸವರಿದಳು. ಬೆನ್ನಿನ ಬಾಸುಂಡೆಗಳ ಮೇಲೆ ಅವಳ ಬೆರಳು ನಿಂತಿತು. ಅವಳ ಬೆನ್ನಿನ ಅಂಥವೇ ಬಾಸುಂಡೆಗಳಿಗೆ ನಾನು ಎಷ್ಟೋ ಸಲ ಎಣ್ಣೆ ಹಚ್ಚಿದ್ದೆ. ಆಗೆಲ್ಲ ಬಾಗಿಲು ಬಡಿಯಿತು ಎನ್ನುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಈ ಸಲ ಬಾಗಿಲಿನ ಮಾತು ಬರಲಿಲ್ಲ.

"ನಾನೂ ಬಗ್ಗಂಗಿಲ್ಲ, ಇಕಿನೂ ನಿಮಗ ಹಾಲ ಕೊಡಂಗಿಲ್ಲ," ಎಂದಳು. ನನ್ನ ಕಡೆ ತಿರುಗಿ, "ಕರಾ ಬಿಡವಾ," ಎಂದಳು. ನಾನು ಹಗ್ಗ ಬಿಚ್ಚಿದೆ. ಕರು ಓಡಿ ಬಂದು ಕೆಚ್ಚಲಿಗೆ ಗುದ್ದಿ ಕುಡಿಯತೊಡಗಿತು. ಅಪ್ಪ ಕೈಯೆತ್ತಿದ. ಅವ್ವ ಎಮ್ಮೆಗೆ ಆತು ನಿಂತಳು, ಸರಿಯಲಿಲ್ಲ. ಅವನ ಕೈ ತಾನಾಗಿ ಇಳಿಯಿತು.

ಒಂದೂವರೆ ತಿಂಗಳು ನಮ್ಮ ಮನೆಯಿಂದ ಡೇರಿಗೆ ಹಾಲು ಹೋಗಲಿಲ್ಲ. ಅಪ್ಪ ಮಾತ್ರ ದಿನಾ ಹೋಗಿ, ಎಮ್ಮೆ ಸಾಕುವುದು ಹೇಗೆಂದು ಹೇಳಿ ಬರುತ್ತಿದ್ದ.