ಹುಬ್ಬಿಲ್ಲದ ಮುಖ

ಅವರ ಎಡಹುಬ್ಬಿನಲ್ಲಿ ಸದಾ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಿಳಿ ಪುಡಿ ಅಂಟಿರುತ್ತಿತ್ತು. ದಣಿದಾಗ ಹುಬ್ಬು ಉಜ್ಜಿಕೊಳ್ಳುವುದು ಅವರ ಅಭ್ಯಾಸ. ದಣಿಯದ ದಿನವನ್ನು ನಾನಂತೂ ಕಾಣಲಿಲ್ಲ. ಗೋರೆಗಾಂವ್‌ನ ಉಪಕರಣಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು, ಲೋಕಲ್ ರೈಲು ಬದಲಿಸಿ ವಡಾಲದ ನಮ್ಮ ಬಿಲ್ಡಿಂಗಿಗೆ ಬಂದವರೇ, ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಮುಖವನ್ನು ತಿದ್ದುತ್ತ ನಿಲ್ಲುತ್ತಿದ್ದರು. ನಮಗೆಲ್ಲ ಅವರು ಮೇಲಿನ ಮನೆಯ ಆಂಟಿ.

ಅವರ ಮಗಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಾಯಿಯ ಮುಖವನ್ನೂ. ಆಟಿಸಂ ಎಂಬ ಪದ ಆಗ ಕೆಲವೇ ಡಾಕ್ಟರರ ಬಾಯಲ್ಲಿತ್ತು. ಉಳಿದವರಿಗೆ ಅವಳು ಮಂದಬುದ್ಧಿಯವಳು.

"ನಮ್ಮ ಮುಖದಲ್ಲಿ ಗಲಾಟೆ ಜಾಸ್ತಿ ಕಣೇ," ಎನ್ನುತ್ತಿದ್ದರು ಆಂಟಿ. "ಹುಬ್ಬು, ಕಣ್ಣು, ಬಾಯಿ ಎಲ್ಲಾ ಒಟ್ಟಿಗೇ ಕುಣಿಯುತ್ವೆ. ಪಾಪ, ಅವಳು ಯಾವುದನ್ನ ಅಂತ ನೋಡ್ತಾಳೆ?"

ಆದ್ದರಿಂದ, ಮಗಳಿಗೆ ಮುಖ ನೋಡುವುದು ರೂಢಿಯಾಗಲೆಂದು ಅವರು ಮಾಡಿದ ರೋಬೋಟಿಗೆ ಹುಬ್ಬಿರಲಿಲ್ಲ. ಬಾಯಿ ಬರಿಯ ಗೆರೆ. ಕಣ್ಣುಗಳು ಚಿಕ್ಕವು, ತುಸು ಕೆಳಗೆ ನೋಡುವಂಥವು. ಟೇಪ್‌ರೆಕಾರ್ಡರಿನ ಮೋಟಾರು ಅದರ ಕತ್ತನ್ನು ನಿಧಾನವಾಗಿ ಹೊರಳಿಸಿ, ರೆಪ್ಪೆಯನ್ನು ಮುಚ್ಚಿ ತೆರೆಯುತ್ತಿತ್ತು. ಅದನ್ನು ಮಗಳು ಹೋಗುತ್ತಿದ್ದ ವಿಶೇಷ ಶಾಲೆಗೆ ಕೊಟ್ಟರು. ಅವಳು ಮೊದಲು ಅದರ ಕತ್ತನ್ನು ಮುಟ್ಟಿದಳು. ಎಷ್ಟೋ ವಾರಗಳ ಮೇಲೆ ಅದರ ಕಣ್ಣನ್ನು ನೋಡಿದಳು. ಅದು ರೆಪ್ಪೆ ಮುಚ್ಚಿದಾಗ ತಾನೂ ಮುಚ್ಚಿದಳು. ಆ ಸಂಜೆ ಆಂಟಿ ನಮ್ಮ ಮನೆಗೆ ಬಂದು, ಕೇಳಿ ಕೇಳಿ ಕಾಫಿ ಕುಡಿದರು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ಟ್ರಸ್ಟಿಗಳು ಗಣಪತಿ ಮೂರ್ತಿಗಳಿಗೆ ಕಣ್ಣು ಬರೆಯುವ ಕಲಾವಿದರೊಬ್ಬರನ್ನು ಕರೆಸಿ, ರೋಬೋಟಿಗೆ ವಿಶಾಲ ನೇತ್ರ, ಕೆಂಪು ಕೆನ್ನೆ, ತುಂಬು ನಗೆ ಬರೆಸಿದರು. ಕೈಚಳಕದಲ್ಲಿ ದೋಷವಿರಲಿಲ್ಲ. ಎಲ್ಲಿ ನಿಂತರೂ ಆ ಕಣ್ಣು ನಮ್ಮನ್ನೇ ನೋಡುತ್ತಿತ್ತು. ಮಂಟಪದಲ್ಲಿ ಭಕ್ತರು ಬಯಸುವುದೂ ಅದನ್ನೇ. ಮಗಳು ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಇದನ್ನು ಕೇಳಲು ಶಾಲೆಗೆ ಹೋದ ಆಂಟಿಯ ಜೊತೆ ನಾನೂ ಹೋಗಿದ್ದೆ. "ಚೀಫ್ ಗೆಸ್ಟ್ ಬರೋರಿದ್ರಲ್ರೀ, ಬಾಯಾರ," ಎಂದರು ಧಾರವಾಡದ ಕಡೆಯ ಟ್ರಸ್ಟಿ. "ಅಂಥಾ ಸಪ್ಪನ್ನ ಮಾರಿ ಹೆಂಗ ತೋರಸೂದು? ಈಗ ನೋಡ್ರಿ, ಎಷ್ಟ ಕಳಾ ಬಂದೈತಿ."

"ಯಾರಿಗೆ ಬಂತು, ಸರ್?" ಎಂದರು ಆಂಟಿ.

ತಾನೇ ಬಣ್ಣ ಕೆರೆದು ಕೊಡುತ್ತೇನೆಂದು ಆಂಟಿ ಹೇಳಿದರೆ, ಅದೀಗ ಸಂಸ್ಥೆಯ ಸೊತ್ತು ಎಂದರು ಟ್ರಸ್ಟಿ. ಎಂ.ಎ. ಓದುತ್ತಿದ್ದ ನಾನು, ಪತ್ರಿಕೆಗೆ ಬರೆದು ಇವರನ್ನು ಹೊಣೆ ಮಾಡೋಣ ಎಂದೆ. ಹಿಂದಿರುಗುವ ಲೋಕಲ್‌ನಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನೀನು ಬರಿ. ಅದು ಆಗಬೇಕಾದ್ದೇ. ನಂಗೆ ಇನ್ನೊಂದು ಮುಖ ಮಾಡಬೇಕಲ್ಲಾ."

ನಾನು ಬರೆದೆ, ಯಾರೂ ಉತ್ತರಿಸಲಿಲ್ಲ. ಇನ್ನೊಂದು ಮುಖ ಮುಗಿಯುವ ಮೊದಲೇ ಆಂಟಿ ಕಾಯಿಲೆ ಬಿದ್ದರು. ಕೊನೆಗೆ ಅವರಿಗೆ ನಗಲೂ, ಮಗಳನ್ನು ಕರೆಯಲೂ ತ್ರಾಣವಿರಲಿಲ್ಲ. ಒಂದು ಮಧ್ಯಾಹ್ನ ಮಗಳು ತಾನಾಗಿಯೇ ಮಂಚದ ಬಳಿ ಬಂದು, ಹುಬ್ಬೂ ಬಾಯೂ ಅಲುಗದ ಆ ಮುಖವನ್ನು ಬಹಳ ಹೊತ್ತು ನೋಡಿದಳು.

ಆಂಟಿಯ ಸಂತಾಪ ಸಭೆಯಲ್ಲಿ ಟ್ರಸ್ಟಿಗಳು, ಮಗಳು ಹಾಗೆ ನೋಡಿದ್ದನ್ನು ದೇವರ ದಯೆ ಎಂದು ಬಣ್ಣಿಸಿದರು. ನಾನು ಒಪ್ಪುವುದಿಲ್ಲ. ಮಗಳ ಒಂದು ನೋಟಕ್ಕಾಗಿ ಆ ತಾಯಿ ಸಾಯುವಷ್ಟು ದಣಿಯಬೇಕಾಗಿರಲಿಲ್ಲ.